ಹೊಸ ಎಂಪಿಯು ಬೋರ್ಡು ಹಾಕಿದರೂ ಎಲ್‌ಇಡಿ ಆರು ಮಿನುಗಿಗೇ ನಿಲ್ಲುತ್ತಿದೆ (ಬ್ಯಾಲಿ ಪಿನ್‌ಬಾಲ್, 1980)

ಶಿರಾಗೇಟ್_ತುಮಕೂರು:
ಬ್ಯಾಲಿ ಕಂಪನಿಯ ಪಿನ್‌ಬಾಲ್ ಮೆಷಿನ್ ಸರ್, ಆಟ ನಡೆಸುವ ಹಳೇ ಎಂಪಿಯು ಬೋರ್ಡು ಎಎಸ್-2518-35. ಬ್ಯಾಟರಿ ಸೋರಿ ಟ್ರ್ಯಾಕೆಲ್ಲ ತಿಂದುಹೋಗಿತ್ತು, ಬದಲಿ ಬೋರ್ಡು ತರಿಸಿ ಕೂರಿಸಿದ್ದೇನೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟ್ ಟ್ಯಾಪಿನಲ್ಲೇ ಇದೆ. ಆನ್ ಮಾಡಿದರೆ ಎಲ್‌ಇಡಿ ಮೊದಲು ಸಣ್ಣಗೆ ಮಿಣುಕುತ್ತದೆ, ಆಮೇಲೆ ಆರು ಸಲ ಮಿನುಗಿ ಸುಮ್ಮನಾಗುತ್ತದೆ. ಆಟ ಶುರುವಾಗುವುದಿಲ್ಲ. ಬೋರ್ಡು ವಾಪಸ್ ಕಳಿಸಲೇ?

ಕೋಲಾರ_ಬೆಸುಗೆ:
ಕಳಿಸಬೇಡಿ, ಬೋರ್ಡು ಸರಿಯಾಗಿದೆ. ಒಟ್ಟು ಏಳು ಸಲ ಮಿನುಗಬೇಕು. ಮೊದಲ ಐದು ಮಿನುಗು ರಾಮ್, ರೋಮ್, ಎರಡು ಪಿಐಎ (ಹೊರಗಿನ ಭಾಗಗಳೊಂದಿಗೆ ಮಾತಾಡುವ) ಚಿಪ್ಪುಗಳ ಪರೀಕ್ಷೆ. ಆರನೆಯದು 555 ಟೈಮರ್. ಅದೂ ಬಂದಿದೆ ಅಂದರೆ ಬೋರ್ಡು ತನ್ನ ಕೆಲಸ ಮುಗಿಸಿದೆ. ಏಳನೆಯದು ಹೊರಗಿನಿಂದ ಬರಬೇಕಾದ್ದು: ಚೆಂಡು ಹೊಡೆಯುವ ಕಾಯಿಲ್‌ಗಳಿಗೆ ಹೋಗುವ 43 ವೋಲ್ಟ್ ಡಿಸಿಯಿಂದಲೇ ಬೋರ್ಡು ಜೀರೋ ಕ್ರಾಸಿಂಗ್ (ವೋಲ್ಟೇಜ್ ಸೊನ್ನೆಗೆ ಇಳಿಯುವ ಕ್ಷಣ) ಗುರುತಿಸುತ್ತದೆ. ಆ ವೋಲ್ಟೇಜ್ ಬೋರ್ಡಿನ ಜೆ4 ಪ್ಲಗ್ಗಿನ 15ನೇ ಪಿನ್ನಿಗೆ ಬರುತ್ತಿಲ್ಲ.

ಅಳೆಯುವ ಮುಂಚೆ ಪ್ಲೇಫೀಲ್ಡ್ (ಚೆಂಡು ಉರುಳುವ ಹಲಗೆ) ಕೆಳಗಿನ 1 ಆಂಪಿಯರ್ ಸ್ಲೋ-ಬ್ಲೋ (ತುಸು ತಡೆದು ಹೋಗುವ) ಫ್ಯೂಸನ್ನೂ, ಕಾಯಿಲ್‌ಗಳನ್ನು ನಡೆಸುವ ಸೋಲೆನಾಯ್ಡ್ ಡ್ರೈವರ್ ಬೋರ್ಡಿನ 3/16 ಆಂಪಿಯರ್ ಫ್ಯೂಸನ್ನೂ ತೆಗೆದಿಡಿ. ಎರಡನೆಯದು ಡಿಸ್‌ಪ್ಲೇಗೆ ಹೋಗುವ 190 ವೋಲ್ಟಿನದು. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಕೈ ಹಾಕುವ ಮುಂಚೆ ಮೀಟರಿನಲ್ಲಿ ನೋಡಿಕೊಳ್ಳಿ.

ಮೀಟರಿನ ಕಪ್ಪು ತುದಿ ಗ್ರೌಂಡ್ ಜಡೆಗೆ (ಹೆಣೆದ ತಂತಿ), ಕೆಂಪು ತುದಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫಯರ್ ಬೋರ್ಡಿನ ಟಿಪಿ5 ಅನ್ನುವ ಅಳೆಯುವ ಬಿಂದುವಿಗೆ. ಅಲ್ಲಿ 43ರ ಆಸುಪಾಸು ಬರದಿದ್ದರೆ ಎಫ್4 ಫ್ಯೂಸ್, 5 ಆಂಪಿಯರ್, ಹೋಗಿರಬಹುದು. ಬಂದರೆ ಆಫ್ ಮಾಡಿ ಜೆ4 ಪ್ಲಗ್ ಬಿಚ್ಚಿ, ಮತ್ತೆ ಆನ್ ಮಾಡಿ ಆ ಪ್ಲಗ್ಗಿನಲ್ಲೇ 15ನೇ ಜಾಗ ಅಳೆಯಿರಿ. ಎಣಿಸುವಾಗ ಪಿನ್ನಿಲ್ಲದ ಕೀ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ಲಗ್ ಬೋರ್ಡಿನಲ್ಲಿ ಇರುವಾಗ ಅಳೆಯಲು ಹೋಗಬೇಡಿ. ತುದಿ ಜಾರಿ 43 ವೋಲ್ಟ್ 5 ವೋಲ್ಟಿನ ಲೈನಿಗೆ ತಗುಲಿದರೆ ಹೊಸ ಬೋರ್ಡಿನ ಚಿಪ್ಪುಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ.

ಶಿರಾಗೇಟ್_ತುಮಕೂರು:
ಟಿಪಿ5ರಲ್ಲಿ 43.8. ಪ್ಲಗ್ಗಿನ 15ರಲ್ಲಿ ಸೊನ್ನೆ. ವೈರು ಮೆಲ್ಲಗೆ ಎಳೆದರೆ ಪಿನ್ನಿನಿಂದ ಕಳಚಿಯೇ ಬಂತು, ತುದಿಯಲ್ಲಿ ಹಸಿರು ಕಿಲುಬು.

ಕೋಲಾರ_ಬೆಸುಗೆ:
ಸಿಕ್ಕಿತಲ್ಲ. ಬ್ಯಾಟರಿಯ ಕ್ಷಾರ ಬೋರ್ಡನ್ನಷ್ಟೇ ತಿನ್ನುವುದಿಲ್ಲ, ವೈರಿನ ಎಳೆಗಳ ಒಳಗೂ ಹತ್ತಿಕೊಂಡು ಹೋಗುತ್ತದೆ. ಬದಲಿ ಬೋರ್ಡು ಹಾಕಿದವರು ಬಹುಪಾಲು ಮುಗ್ಗರಿಸುವುದು ಇಲ್ಲೇ: ಬೋರ್ಡು ಹೊಸದು, ಪ್ಲಗ್ಗು 40 ವರ್ಷಕ್ಕೂ ಹಳೆಯದು.

ತುದಿ ಕತ್ತರಿಸುತ್ತಾ ಹೋಗಿ, ತಾಮ್ರ ಹೊಳೆಯುವ ತನಕ. ಎರಡಿಂಚು ಕತ್ತರಿಸಿದರೂ ಕಪ್ಪಗೇ ಇದ್ದರೆ 22 ಗೇಜ್ ಹೊಸ ವೈರು ಜೋಡಿಸಿ. ಹಳೇ ಪಿನ್ನಿಗೆ ಬೆಸುಗೆ ಹಚ್ಚಿ ಮುಗಿಸಬೇಡಿ, ಅದರ ಸ್ಪ್ರಿಂಗ್ ಸತ್ತಿರುತ್ತದೆ. ಜೆ4ಕ್ಕೆ ಪೂರ್ತಿ ಹೊಸ ಹೌಸಿಂಗ್ (ಪ್ಲಗ್ಗಿನ ಪ್ಲಾಸ್ಟಿಕ್ ಗೂಡು), ಪಿನ್ನಿಂದ ಪಿನ್ನಿಗೆ 2.54 ಮಿ.ಮೀ. ಅಳತೆಯದು, ವೈರಿಗೆ ಒತ್ತಿ ಕೂರಿಸುವ ಕ್ರಿಂಪ್ ಪಿನ್ನುಗಳು. ರೆಕ್ಟಿಫಯರ್ ಕಡೆಯ ಪ್ಲಗ್ಗುಗಳದ್ದು 3.96 ಮಿ.ಮೀ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ, ಎರಡೂ ಅಳತೆಯವನ್ನು ಒಟ್ಟಿಗೇ ತನ್ನಿ.

ಆಮೇಲೆ ಜೆ4 ಒಂದನ್ನೇ ಹಾಕಿ ಆನ್ ಮಾಡಿ. ಏಳು ಮಿನುಗಿಗೆ ಅಷ್ಟೇ ಸಾಕು. ಬಂದರೆ ಉಳಿದ ಪ್ಲಗ್ಗುಗಳನ್ನು ಒಂದೊಂದಾಗಿ, ಪ್ರತಿ ಸಲ ಆಫ್ ಮಾಡಿಯೇ ಸೇರಿಸಿ.

ನಂದಿ_ಸರ್ಕ್ಯೂಟ್, ಚಿಕ್ಕಬಳ್ಳಾಪುರ:
ಇನ್ನೊಂದು ಮಾತು. ಬದಲಿ ಬೋರ್ಡಿನಲ್ಲಿ ಹಲವು ಆಟಗಳ ಪ್ರೋಗ್ರಾಮ್ ಒಟ್ಟಿಗೇ ಇದ್ದರೆ, ಯಾವ ಆಟ ಅಂತ ಸಣ್ಣ ಸ್ವಿಚ್ಚುಗಳಲ್ಲಿ ಹೇಳಬೇಕು. ತಪ್ಪು ಸಂಖ್ಯೆ ಇಟ್ಟರೂ ಏಳು ಮಿನುಗು ಬಂದೇ ಬರುತ್ತದೆ, ಆದರೆ ಚೆಂಡು ಹೊರಗೆ ತಳ್ಳಬೇಕಾದಾಗ ಬೇರೆ ಯಾವುದೋ ಕಾಯಿಲ್ ಹೊಡೆಯುತ್ತದೆ. ಹಳೇ ಬೋರ್ಡು ಬಿಸಾಡುವ ಮುಂಚೆ ಅದರ 32 ಡಿಪ್ (ಆಟದ ಆಯ್ಕೆಯ ಪುಟ್ಟ) ಸ್ವಿಚ್ಚುಗಳ ಫೋಟೋ ತೆಗೆದು ಹಾಗೇ ಇಡಿ. ನಾಣ್ಯ, ಕ್ರೆಡಿಟ್, ಚೆಂಡಿನ ಲೆಕ್ಕವೆಲ್ಲ ಅದರಲ್ಲೇ ಇರುವುದು.

1 ಆಂಪಿಯರ್ ಫ್ಯೂಸ್ ಮತ್ತೆ ಹಾಕುವ ಮುಂಚೆ, ಪವರ್ ಆಫ್ ಇರುವಾಗ, ಡ್ರೈವರ್ ಟ್ರಾನ್ಸಿಸ್ಟರುಗಳನ್ನು ಡಯೋಡ್ ರೇಂಜಿನಲ್ಲಿ ನೋಡಿ. ಕಪ್ಪು ತುದಿ ಲೋಹದ ರೆಕ್ಕೆಗೆ, ಕೆಂಪು ತುದಿ ಗ್ರೌಂಡಿಗೆ: 0.4ರಿಂದ 0.6 ಬಂದರೆ ಸರಿ. ಸೊನ್ನೆ ಬಂದದ್ದನ್ನು ತೆಗೆದು ಟಿಐಪಿ102 ಹಾಕಿ. ಅದರ ಕಾಯಿಲ್ ಮೇಲಿನ 1ಎನ್4004 ಡಯೋಡನ್ನೂ ಬದಲಾಯಿಸಿ, ಡಯೋಡ್ ಒಡೆದಿದ್ದರೆ ಹೊಸ ಟ್ರಾನ್ಸಿಸ್ಟರೂ ಉಳಿಯುವುದಿಲ್ಲ.

ಡ್ರೈವರ್ ಬೋರ್ಡಿನ ದೊಡ್ಡ ಕೆಪಾಸಿಟರ್ ಸಿ23, ಮೂಲದ್ದು 11,700 ಮೈಕ್ರೋಫ್ಯಾರಡ್. ಆಟದ ಮಧ್ಯೆ ರೀಸೆಟ್ ಆಗುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆ. ಅಮೆರಿಕದ 60 ಹರ್ಟ್ಸಿಗಿಂತ ನಮ್ಮ 50 ಹರ್ಟ್ಸಿನಲ್ಲಿ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಹೆಚ್ಚು, ಹಾಗಾಗಿ 15,000 ಮೈಕ್ರೋಫ್ಯಾರಡ್, 25 ವೋಲ್ಟಿನದು ಹಾಕಿ.

ಶಿರಾಗೇಟ್_ತುಮಕೂರು:
ಹೊಸ ಹೌಸಿಂಗ್ ಹಾಕಿದೆ, ಏಳನೆಯದು ಬಂತು. ತುಂಬಾ ಥ್ಯಾಂಕ್ಸ್ ಸರ್. 1 ಆಂಪಿಯರ್ ಸ್ಲೋ-ಬ್ಲೋ ಇಲ್ಲಿ ಸಿಗುತ್ತಿಲ್ಲ, 5 ಆಂಪಿಯರ್ ಇದೆ. ಸದ್ಯಕ್ಕೆ ನಡೆಯುತ್ತಾ?

ನಂದಿ_ಸರ್ಕ್ಯೂಟ್, ಚಿಕ್ಕಬಳ್ಳಾಪುರ:
ಬೇಡವೇ ಬೇಡ. ಒಂದು ಕಾಯಿಲ್ ಅಂಟಿಕೊಂಡರೆ ಹರಿಯುವುದು ಸುಮಾರು 4 ಆಂಪಿಯರ್. 5ರ ಫ್ಯೂಸ್ ಅಲುಗುವುದೇ ಇಲ್ಲ, ಕಾಯಿಲ್ ಹೊಗೆಯಾಡಿ ಸುಡುತ್ತದೆ. ಸರಿಯಾದದ್ದು ಸಿಗುವ ತನಕ ಆ ಹೋಲ್ಡರ್ ಖಾಲಿ ಇರಲಿ. ಡಿಸ್‌ಪ್ಲೇ, ದೀಪ, ಸ್ವಿಚ್ಚುಗಳ ಪರೀಕ್ಷೆ ಅಷ್ಟರಲ್ಲಿ ಮುಗಿಸಿಕೊಳ್ಳಿ.