ನಮ್ಮ ಜಿಪಿ ಸರ್ಜರಿಗೆ ‘ಸುಧಾರಣೆ ಬೇಕು’ ಅಂತ ರೇಟಿಂಗ್ ಬಂದಿದೆ, ಬಿಡಬೇಕಾ?

ಸ್ಲೌ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸ್ಲೌಗೆ ಬಂದು ಎಂಟು ವರ್ಷ ಆಯಿತು, ಅಂದಿನಿಂದಲೂ ಮನೆ ಹತ್ತಿರದ ಒಂದೇ ಜಿಪಿ ಸರ್ಜರಿಗೆ (ಫ್ಯಾಮಿಲಿ ಡಾಕ್ಟರ ಕ್ಲಿನಿಕ್‌ಗೆ) ಹೋಗುತ್ತಿದ್ದೇವೆ. ಡಾಕ್ಟರು ತುಂಬಾ ಒಳ್ಳೆಯವರು, ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಹೋದ ವಾರ ಬಾಗಿಲ ಹತ್ತಿರ ಸಿಕ್ಯೂಸಿಯವರ (ಆಸ್ಪತ್ರೆ, ಕ್ಲಿನಿಕ್‌ಗಳನ್ನು ತಪಾಸಣೆ ಮಾಡಿ ರೇಟಿಂಗ್ ಕೊಡುವ ಸಂಸ್ಥೆ) ಪೋಸ್ಟರ್ ನೋಡಿದೆ, ಒಟ್ಟಾರೆ ‘ಸುಧಾರಣೆ ಬೇಕು’ ಅಂತ ಇದೆ. ಗಾಬರಿಯಾಯಿತು. ನಮ್ಮ ಯಜಮಾನರಿಗೆ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುವಾತ) ಇದೆ, ಅದಕ್ಕೆ ವಾರಕ್ಕೆ ಒಂದು ದಿನ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ. ಮೂರು ತಿಂಗಳಿಗೊಮ್ಮೆ ಬ್ಲಡ್ ಟೆಸ್ಟ್ ಆಗಬೇಕು ಅಂತ ಆಸ್ಪತ್ರೆಯವರು ಹೇಳಿದ್ದರು, ಐದು ತಿಂಗಳಾದರೂ ಯಾರೂ ಕರೆದಿಲ್ಲ, ನಾವೂ ಮರೆತುಬಿಟ್ಟಿದ್ದೇವೆ, ಮಾತ್ರೆ ಮಾತ್ರ ತಿಂಗಳು ತಿಂಗಳೂ ಬರುತ್ತಲೇ ಇದೆ. ಇಷ್ಟು ಪ್ರೀತಿಯಿಂದ ನೋಡುವ ಡಾಕ್ಟರನ್ನು ಬಿಟ್ಟು ಬೇರೆ ಕಡೆ ಹೋಗಬೇಕಾ? ಈ ವರದಿಯನ್ನು ಎಷ್ಟು ನಂಬಬಹುದು?

ಲೆಸ್ಟರ್ ನರ್ಸ್:
ಅಕ್ಕ, ಬೇರೆಲ್ಲ ಆಮೇಲೆ. ನಾಳೆ ಬೆಳಿಗ್ಗೆ ಎಂಟಕ್ಕೇ ಸರ್ಜರಿಗೆ ಫೋನ್ ಮಾಡಿ, ಮೆಥೋಟ್ರೆಕ್ಸೇಟ್ ಟೆಸ್ಟ್ ತಪ್ಪಿಹೋಗಿದೆ ಅಂತ ಹೇಳಿ. ಆ ಔಷಧ ಲಿವರ್‌ಗೂ ರಕ್ತ ತಯಾರಾಗುವ ಮೂಳೆ ಮಜ್ಜೆಗೂ ಪೆಟ್ಟು ಕೊಡಬಹುದು, ಶುರುವಿನಲ್ಲಿ ಹೊರಗೆ ಏನೂ ಗೊತ್ತಾಗುವುದಿಲ್ಲ. ಅವರಿಗೆ ಜ್ವರ, ಗಂಟಲು ನೋವು, ಬಾಯಿ ಹುಣ್ಣು, ಪೆಟ್ಟಾಗದೆ ಮೈ ನೀಲಿಗಟ್ಟುವುದು, ಉಸಿರಾಡಲು ಕಷ್ಟ, ಹೀಗೇನಾದರೂ ಇದ್ದರೆ ನಾಳೆವರೆಗೂ ಕಾಯಬೇಡಿ, ಈಗಲೇ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ.

ವರದಿ ವಿಷಯ. ನಾನು ಕೆಲಸ ಮಾಡುವ ಕಡೆ ಎರಡು ಸಲ ಇನ್ಸ್‌ಪೆಕ್ಷನ್ ಆಗಿದೆ. ಇನ್ಸ್‌ಪೆಕ್ಟರ್ ಜೊತೆಗೆ ಒಬ್ಬ ಜಿಪಿ ಕೂಡ ಇದ್ದರು. ನಿಮ್ಮ ಯಜಮಾನರಂಥವರನ್ನೇ ಅವರು ಕಂಪ್ಯೂಟರಿನಲ್ಲಿ ಹುಡುಕುವುದು. ಮೆಥೋಟ್ರೆಕ್ಸೇಟ್, ಲಿಥಿಯಂ ತೆಗೆದುಕೊಳ್ಳುವವರು ಎಷ್ಟು ಜನ, ಅವರಲ್ಲಿ ಟೆಸ್ಟ್ ಆಗದೆಯೇ ಪ್ರಿಸ್ಕ್ರಿಪ್ಷನ್ ಹೋಗಿರುವುದು ಎಷ್ಟು ಜನಕ್ಕೆ ಅಂತ. ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗೇ ಇತ್ತಾ, ದಿನಾ ಬರೆದಿಟ್ಟಿದ್ದೀರಾ, ಒಂದು ದಿನ ಮೀರಿದ್ದರೆ ಏನು ಮಾಡಿದಿರಿ ಅಂತ ನನ್ನನ್ನೇ ಕೂರಿಸಿ ಕೇಳಿದರು. ರಿಸೆಪ್ಷನ್‌ನವರನ್ನು ಕರೆದು, ಎದೆ ನೋವು ಅಂತ ಯಾರಾದರೂ ಫೋನ್ ಮಾಡಿದರೆ ಏನು ಹೇಳುತ್ತೀರಿ ಅಂತ ಕೇಳಿದರು. ಡಾಕ್ಟರು ಪ್ರೀತಿಯಿಂದ ನೋಡುವುದು ಬೇರೆ, ತಪ್ಪಿಹೋದ ಟೆಸ್ಟನ್ನು ಹಿಡಿಯುವ ವ್ಯವಸ್ಥೆ ಇರುವುದು ಬೇರೆ, ಅಲ್ವಾ? ಎರಡೂ ಬೇಕು.

ಮ್ಯಾಂಚೆಸ್ಟರ್ ವಾಸಿ:
ಪೋಸ್ಟರಿನ ಒಂದು ಪದ ನೋಡಿ ತೀರ್ಮಾನ ಮಾಡಬೇಡಿ ಮೇಡಂ, ಸಿಕ್ಯೂಸಿ ವೆಬ್‌ಸೈಟಿನಲ್ಲಿ ಪೂರ್ತಿ ವರದಿ ಸಿಗುತ್ತದೆ. ಐದು ಪ್ರಶ್ನೆಗೆ ಬೇರೆ ಬೇರೆ ರೇಟಿಂಗ್ ಇರುತ್ತದೆ: ಸುರಕ್ಷಿತವಾ, ಚಿಕಿತ್ಸೆ ಫಲ ಕೊಡುತ್ತಿದೆಯಾ, ಕಾಳಜಿ ಇದೆಯಾ, ಜನರ ಅಗತ್ಯಕ್ಕೆ ಸ್ಪಂದಿಸುತ್ತಾರಾ, ಆಡಳಿತ ಸರಿ ಇದೆಯಾ. ನಮ್ಮ ಸರ್ಜರಿಗೂ ಹಿಂದೆ ಇದೇ ರೇಟಿಂಗ್ ಬಂದಿತ್ತು. ಓದಿದರೆ, ಕೆಲಸಕ್ಕೆ ಸೇರಿಸಿಕೊಂಡವರ ಹಿನ್ನೆಲೆ ಪರಿಶೀಲಿಸಿದ ಕಾಗದ ಪತ್ರ ಸರಿ ಇರಲಿಲ್ಲ, ಕೆಲವೇ ತಿಂಗಳಲ್ಲಿ ಸರಿಮಾಡಿಕೊಂಡರು. ‘ಸುರಕ್ಷಿತವಾ’ ಅನ್ನುವಲ್ಲಿ ಕಡಿಮೆ ಬಂದಿದ್ದರೆ ಮಾತ್ರ ನಾನು ಜಾಸ್ತಿ ಯೋಚಿಸುತ್ತಿದ್ದೆ.

ತಾರೀಖನ್ನೂ ನೋಡಿ. 2024ರಲ್ಲಿ ಸರ್ಕಾರದ ಪರವಾಗಿ ಡಾ. ಪೆನ್ನಿ ಡ್ಯಾಶ್ ಅವರು ಸಿಕ್ಯೂಸಿಯನ್ನೇ ಪರಿಶೀಲಿಸಿದಾಗ, ತಪಾಸಣೆ ತುಂಬಾ ಕಡಿಮೆಯಾಗಿದೆ, ಎಷ್ಟೋ ರೇಟಿಂಗ್ ವರ್ಷಗಟ್ಟಲೆ ಹಳೆಯವು ಅಂತ ಹೊರಬಂತು. ಪಕ್ಕದ ಸರ್ಜರಿಗೆ ‘ಉತ್ತಮ’ ಇದೆ ಅಂತ ಓಡಿಹೋದರೆ ಅದು ಯಾವತ್ತೋ ಕೊಟ್ಟಿದ್ದಿರಬಹುದು, ಆಗಿದ್ದ ಡಾಕ್ಟರುಗಳೇ ಈಗ ಇಲ್ಲದೆ ಇರಬಹುದು. ಪ್ರತಿ ವರ್ಷ ಬರುವ ಜಿಪಿ ಪೇಷಂಟ್ ಸರ್ವೆಯಲ್ಲಿ ನಿಮ್ಮ ಸರ್ಜರಿಯ ಹೆಸರು ಹಾಕಿ ನೋಡಿ, ಫೋನ್ ಎತ್ತುತ್ತಾರಾ ಇಲ್ಲವಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಗ್ಲಾಸ್ಗೋ:
ಓದುವ ಬೇರೆಯವರಿಗೆ ಒಂದು ಮಾತು, ಸಿಕ್ಯೂಸಿ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇರುವವರು ಅದರ ವೆಬ್‌ಸೈಟಿನಲ್ಲಿ ಸುಮ್ನೆ ಹುಡುಕಬೇಡಿ.

ಸ್ಲೌ ಕನ್ನಡತಿ:
ತುಂಬಾ ಉಪಕಾರ ಆಯಿತು. ಇವತ್ತೇ ಟೆಸ್ಟ್ ಆಯಿತು, ರಿಪೋರ್ಟ್ ಇನ್ನೂ ಬಂದಿಲ್ಲ. ರಾತ್ರಿ ಕೂತು ಪೂರ್ತಿ ವರದಿ ಓದಿದೆ. ಕಾಳಜಿಗೆ ‘ಉತ್ತಮ’ ಅಂತಲೇ ಇದೆ. ‘ಸುರಕ್ಷಿತವಾ’ ಅನ್ನುವ ಕಡೆ, ಅಪಾಯದ ಔಷಧ ತೆಗೆದುಕೊಳ್ಳುವವರ ಟೆಸ್ಟ್ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಬರೆದಿದ್ದಾರೆ. ಓದುವಾಗ ಕೈ ನಡುಗಿತು. ಇದನ್ನು ಸಿಕ್ಯೂಸಿಗೆ ದೂರು ಕೊಡಬಹುದಾ?

ಲೆಸ್ಟರ್ ನರ್ಸ್:
ಟೆಸ್ಟ್ ಆಯಿತಲ್ಲ, ಸಮಾಧಾನ. ಸಿಕ್ಯೂಸಿಗೆ ತಿಳಿಸಿ, ಮುಂದಿನ ತಪಾಸಣೆಗೆ ಉಪಯೋಗಕ್ಕೆ ಬರುತ್ತದೆ, ಆದರೆ ಒಬ್ಬೊಬ್ಬರ ದೂರನ್ನು ಅವರು ಬಗೆಹರಿಸುವುದಿಲ್ಲ. ದೂರನ್ನು ಪ್ರಾಕ್ಟೀಸ್ ಮ್ಯಾನೇಜರಿಗೆ ಬರೆಯಿರಿ, ಅವರಿಗೆ ಬರೆಯುವುದು ಬೇಡ ಅಂತ ನಿಮಗೆ ಅನ್ನಿಸಿದರೆ ನಿಮ್ಮ ಕಡೆಯ ಐಸಿಬಿಗೆ (ಆ ಭಾಗದ ಎನ್‌ಎಚ್‌ಎಸ್ ಸೇವೆ ನೋಡಿಕೊಳ್ಳುವ ಮಂಡಳಿಗೆ). ಸಾಮಾನ್ಯವಾಗಿ 12 ತಿಂಗಳೊಳಗೆ ಕೊಡಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ ಆಮೇಲೆ ಇಂಥ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಓಂಬುಡ್ಸ್‌ಮನ್ ಇದ್ದಾರೆ. ಇಂಥ ಔಷಧದವರ ಪಟ್ಟಿಯನ್ನು ಈಗ ಯಾರು ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ ಅಂತ ಪತ್ರದಲ್ಲಿ ನೇರವಾಗಿ ಕೇಳಿ. ಅದಕ್ಕೆ ಸರಿಯಾದ ಉತ್ತರ ಬಂದರೆ ಅಲ್ಲೇ ಇರಿ ಅಕ್ಕ, ಬರದಿದ್ದರೆ ಬೇರೆ ಕಡೆ ಹೆಸರು ಬರೆಸಿ.

ಸ್ಲೌ ಕನ್ನಡತಿ:
ಇದೇ ಪ್ರಶ್ನೆ ಹಾಕಿ ಈಗಷ್ಟೇ ಮ್ಯಾನೇಜರಿಗೆ ಮೇಲ್ ಕಳಿಸಿದೆ. ಉತ್ತರ ಬಂದ ಮೇಲೆ ಇಲ್ಲೇ ಬರೆಯುತ್ತೇನೆ. ಮುಂದಿನ ಟೆಸ್ಟಿನ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲೂ ಬರೆದಿದ್ದೇನೆ.