ಸಹಾಯ ಬೇಕು: ಜರ್ಮನಿಗೆ ಹೋಗಲಾ, ಕಲಬುರಗಿಯಲ್ಲೇ ಇರಲಾ?

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ನರ್ಸ್, ವಯಸ್ಸು 29. ಜರ್ಮನಿಗೆ ಹೋಗುವ ಯೋಚನೆ ಇದೆ. ಅಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಜರ್ಮನ್ ಭಾಷೆ ಬಿ2 ಮಟ್ಟ ಬೇಕು, ನಾನಿನ್ನೂ ಎ2ನಲ್ಲಿದ್ದೇನೆ. ಸಂಬಳ ಜಾಸ್ತಿ, ನಿಜ. ಆದರೆ ಇಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಕೆಲಸಗಳಲ್ಲಿ 371ಜೆ ಮೀಸಲಾತಿ ಇದೆ, ಸರ್ಕಾರಿ ಕೆಲಸದ ಆಸೆ ಇನ್ನೂ ಬಿಟ್ಟಿಲ್ಲ.

ಜಾಸ್ತಿ ಕಾಡುತ್ತಿರುವುದು ಹೊಲದ ವಿಷಯ. ಆಳಂದ ಹತ್ತಿರ ಅಪ್ಪನ ನಾಲ್ಕು ಎಕರೆ ತೊಗರಿ ಹೊಲ ಇದೆ. ಪಕ್ಕದ ಹೊಲವನ್ನೂ ನನ್ನ ಹೆಸರಲ್ಲಿ ಕೊಳ್ಳಬೇಕು ಅಂತ ಅವರಿಗೆ ಬಹಳ ಆಸೆ. ಮುಂದೆ ಅಲ್ಲಿನ ಪೌರತ್ವ ತಗೊಂಡರೆ ಭಾರತದ್ದು ಹೋಗುತ್ತದೆ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಅಪ್ಪನಿಗೆ ಇದನ್ನು ಹೇಗೆ ಹೇಳಲಿ?

ನಮ್ಮ ಭಾಗದಿಂದ ಹೋದ ಅಕ್ಕಂದಿರು ಇದ್ದರೆ ದಯವಿಟ್ಟು ಹೇಳಿ. ಮೊದಲ ವರ್ಷ ಹೇಗಿತ್ತು? ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲದಾಗ ಏನು ಮಾಡಿದಿರಿ?