ಸಹಾಯ ಬೇಕು: ಪ್ಲೇಟೋಗೆ ಕವಿಗಳ ಮೇಲೆ ಪ್ರೀತಿಯೋ, ಸಿಟ್ಟೋ?

ಎಲ್ಲರಿಗೂ ನಮಸ್ಕಾರ. ಗ್ರೀಕ್ ತತ್ವಜ್ಞಾನಿ ಪ್ಲೇಟೋನನ್ನು ಓದಿದವರು ಇದ್ದರೆ ಸ್ವಲ್ಪ ಸಹಾಯ ಮಾಡಿ. ಮುಂದಿನ ವಾರ ಗೆಳೆಯರ ಮುಂದೆ ಇದರ ಬಗ್ಗೆ ಮಾತಾಡಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ಲೇಟೋ ಬರೆದ 'ಅಯಾನ್' ಸಂವಾದದಲ್ಲಿ ಅವನ ಗುರು ಸಾಕ್ರಟೀಸ್ ಅಯಸ್ಕಾಂತದ ಹೋಲಿಕೆ ಕೊಡುತ್ತಾನೆ. ಕಲ್ಲು ಒಂದು ಕಬ್ಬಿಣದ ಉಂಗುರವನ್ನು ಎಳೆಯುತ್ತದೆ, ಆ ಉಂಗುರ ಇನ್ನೊಂದನ್ನು. ಹಾಗೇ ಕಾವ್ಯದೇವತೆ ಕವಿಯನ್ನು, ಕವಿ ಹಾಡುವವನನ್ನು, ಅವನು ಕೇಳುಗರನ್ನು. ಟಿನ್ನಿಕಸ್ ಅಂತ ಒಬ್ಬ ಕವಿ ಇದರಲ್ಲಿ ಬರುತ್ತಾನೆ. ಪಾಪ, ನೆನಪಿಡುವಂಥದ್ದು ಬರೆದದ್ದು ಒಂದೇ ಹಾಡು, ಆದರೆ ಅದು ಎಲ್ಲರ ಬಾಯಲ್ಲೂ ಇತ್ತು. ಹಾಡು ದೇವರದ್ದೇ ಅನ್ನೋದಕ್ಕೆ ಅದೇ ಸಾಕ್ಷಿಯಂತೆ!

ಪ್ಲೇಟೋನದ್ದೇ 'ರಿಪಬ್ಲಿಕ್'ನ 10ನೇ ಭಾಗಕ್ಕೆ ಬಂದರೆ ಕಥೆಯೇ ಬೇರೆ. ದೇವರು ಮಾಡಿದ ಮಂಚ, ಬಡಗಿ ಮಾಡಿದ ಮಂಚ, ಚಿತ್ರಗಾರ ಬರೆದ ಮಂಚ. ಚಿತ್ರಗಾರನದ್ದು ನಕಲಿನ ನಕಲು, ಕವಿಗೆ ಜಾಗ ಈ ಚಿತ್ರಗಾರನ ಪಕ್ಕ. ಗ್ರೀಕ್ ಮಹಾಕವಿ ಹೋಮರ್ ಮೇಲೆ ಚಿಕ್ಕಂದಿನಿಂದ ಪ್ರೀತಿ, ಗೌರವ ಅಂತ ಹೇಳಿಕೊಂಡೇ ಸಾಕ್ರಟೀಸ್ ಅವನನ್ನು ತನ್ನ ಆದರ್ಶ ಊರಿನ ಹೊರಗಿಡುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ದೇವರು ಮೈಮೇಲೆ ಬಂದವನು ಬರೀ ನಕಲು ಮಾಡುವವನು ಹೇಗಾದ? 'ಅಯಾನ್'ನಲ್ಲಿ ಸಾಕ್ರಟೀಸ್ ಸುಮ್ನೆ ಕಾಲೆಳೆಯುತ್ತಿದ್ದಾನೆ ಅಂತ ನನಗೆ ಜಾಸ್ತಿ ಅನ್ನಿಸುತ್ತೆ. ನಿಮಗೂ ಹಾಗೇ ಅಲ್ವಾ? ಇನ್ನೊಂದು, ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಕಾವ್ಯದ ಬಗ್ಗೆ ಬರೆದ 'ಪೊಯೆಟಿಕ್ಸ್'ನಲ್ಲಿ ಅನುಕರಣೆ ಮನುಷ್ಯನ ಹುಟ್ಟುಗುಣ ಅನ್ನುತ್ತಾನಲ್ಲ, ಅದನ್ನು ಗುರುವಿಗೆ ಕೊಟ್ಟ ಉತ್ತರ ಅಂತ ಓದಬಹುದಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.